ಒಳಗಿನ ಬಿಗಿ

ಪ್ರಯೋಗಾಲಯದ ಮೇಜಿನ ಮೇಲೆ ತಮ್ಮ ಸೊಂಟದಲ್ಲಿದ್ದ ಹಳೆಯ ಲೋಹದ ಕೀಲು ಎರಡು ತುಂಡಾಗಿ ಮಲಗಿದ್ದನ್ನು ಕಂಡು ಬಣ್ಣದ ಮೇಸ್ತ್ರಿ ಊರುಗೋಲನ್ನು ಮಗಳ ಕೈಗಿತ್ತು, ಮೇಜು ಹಿಡಿದು ಬಗ್ಗಿದರು. ಮೂರು ವರ್ಷ ಮೈಯೊಳಗೇ ಇದ್ದರೂ ಅದರ ಮುಖ ನೋಡುತ್ತಿದ್ದುದು ಇದೇ ಮೊದಲು.

"ಇಷ್ಟೇನಾ! ಇನ್ನೂ ದಪ್ಪ ಇರುತ್ತೆ ಅಂದ್ಕೊಂಡಿದ್ದೆ."

"ಏಣಿ ಹತ್ತಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?" ಎಂದಳು ಮಗಳು. ಕೀಲು ಮುರಿದಂದಿನಿಂದ ಮನೆಯಲ್ಲಿ ಇದೇ ಮಾತು. ಹೊಸ ಕೀಲು ಕೂರಿಸಿಕೊಂಡು ಅಪ್ಪ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವಳು ಏಣಿಯನ್ನು ಯಾರಿಗೋ ದಾಟಿಸಿಬಿಟ್ಟಿದ್ದಳು.

ಪರೀಕ್ಷೆ ಮಾಡುವ ಇಂಜಿನಿಯರಮ್ಮ ಉದ್ದದ ತುಂಡಿನ ಮೇಲೆ ಉಗುರಿನಗಲದ ಪಟ್ಟಿಗಳನ್ನು ಅಂಟಿಸಿ, ಅವುಗಳ ತಂತಿಗಳನ್ನು ಕಂಪ್ಯೂಟರಿಗೆ ಜೋಡಿಸಿದ್ದಳು. "ನಿಮ್ಮ ವಸ್ತು, ಅದಕ್ಕೇ ಕೇಳ್ತಿದ್ದೀನಿ. ತೂತು ಕೊರೀಲಾ?"

"ಕೊರೀರಿ, ಕೊರೀರಿ. ಒಳಗೆ ಏನು ಸಿಗುತ್ತೆ?"

"ಬಿಗಿ. ಯಾರೂ ಒತ್ತದೆ ಇದ್ರೂ ಲೋಹದೊಳಗೆ ಉಳ್ಕೊಂಡಿರೋ ಬಿಗಿ. ಇದನ್ನ ತಯಾರು ಮಾಡುವಾಗ ಸಾಸಿವೆಗಿಂತ ಸಣ್ಣ ಗುಂಡುಗಳಿಂದ ಮೈಯೆಲ್ಲ ಹೊಡೀತಾರೆ. ಮೇಲಿನ ಪದರ ಒತ್ತಿಕೊಂಡು ಕೂರುತ್ತೆ, ಬಿರುಕು ಸುಲಭವಾಗಿ ಬಾಯಿ ಬಿಡಲ್ಲ. ತೂತು ಕೊರೆದಾಗ ಅದು ಎಷ್ಟು ಸಡಿಲ ಆಗುತ್ತೋ ಈ ಪಟ್ಟಿಗಳಲ್ಲಿ ನೋಡಿ, ಮೊದಲೆಷ್ಟಿತ್ತು ಅಂತ ಲೆಕ್ಕ ಹಾಕ್ತೀವಿ."

"ಏಟು ತಿಂದಿದ್ದೇ ಒಳ್ಳೇದಾಯ್ತು ಅನ್ನಿ!" ಮೇಸ್ತ್ರಿ ನಕ್ಕರು. "ಶುರು ಮಾಡಿ, ನೋಡೋಣ."

ಮೊದಲು ಹಿಂಬದಿ ಕೊರೆದಳು. ಪರದೆಯ ಮೇಲಿನ ಅಂಕಿ ಸರ್ರನೆ ಏರಿತು. ಮಗಳೂ ಕುತೂಹಲ ತಡೆಯಲಾಗದೆ ಮುಂದೆ ಬಂದಳು. ಆಮೇಲೆ ಇಂಜಿನಿಯರಮ್ಮ ತುಂಡನ್ನು ತಿರುಗಿಸಿ, ಬಿರುಕು ಹುಟ್ಟಿದ ಬದಿಯಲ್ಲಿ, ಮುರಿದ ಜಾಗದಿಂದ ತುಸು ಕೆಳಗೆ ಕೊರೆದಳು. ಅಂಕಿ ಒಮ್ಮೆ ಮಿಸುಕಾಡಿ ಸುಮ್ಮನಾಯಿತು.

"ಮಷೀನ್ ಕೆಟ್ಟೋಯ್ತಾ?" ಮೇಸ್ತ್ರಿ ಕೇಳಿದರು.

ಅವಳು ತಂತಿಗಳನ್ನೆಲ್ಲ ಮುಟ್ಟಿ ನೋಡಿ, ಪಕ್ಕದ ಪಟ್ಟಿಯ ಮೇಲೆ ಇನ್ನೊಂದು ತೂತು ಕೊರೆದಳು. ಮತ್ತೆ ಅಷ್ಟೇ. "ಮಷೀನ್ ಸರಿಯಾಗಿದೆ. ಈ ಬದಿಗೆ ಆ ಗುಂಡುಗಳ ಏಟು ಬಿದ್ದೇ ಇಲ್ಲ ಅಂತ ಕಾಣುತ್ತೆ."

"ಅಂದ್ರೆ... ಏಣಿ ಹತ್ತಿದ್ದಕ್ಕಲ್ವಾ?" ಮಗಳ ದನಿ ಇಳಿದಿತ್ತು.

"ಏಣಿ ಯಾಕೆ, ಬರೀ ನಡೆದಾಡಿದ್ರೂ ಒಂದಲ್ಲ ಒಂದು ದಿನ ಮುರೀತಿತ್ತು."

"ಅಪ್ಪಾ, ನಾನು ಇಷ್ಟು ದಿನ..."

"ಬಿಡೇ," ಎಂದು ಮೇಸ್ತ್ರಿ ಅವಳ ಬೆನ್ನು ತಟ್ಟಿದರು. ಕಣ್ಣು ಮಾತ್ರ ಮೇಜಿನ ಮೇಲೇ ಇತ್ತು. "ಇಂಥವು ಒಂದೊಂದನ್ನೇ ಹೊಡೀತಾರಾ ಮೇಡಂ, ಒಟ್ಟಿಗೆ ಹೊಡೀತಾರಾ?"

"ಒಂದು ಸಲಕ್ಕೆ ಹತ್ತಾರು. ವರದಿ ಬರೆದು ಕಂಪನಿಗೆ ಕಳಿಸ್ತೀನಿ, ಮುಂದಿನ ವಾರದೊಳಗೆ..."

"ಮುಂದಿನ ವಾರ ಬೇಡಮ್ಮ, ಈಗ್ಲೇ ಫೋನ್ ಮಾಡಿ," ಎಂದರು ಮೇಸ್ತ್ರಿ. "ಉಳಿದವು ಯಾರ್ಯಾರ ಮೈಯೊಳಗಿವೆಯೋ, ಅವರೆಲ್ಲ ಇನ್ನೂ ನಡೆದಾಡ್ತಾ ಇದ್ದಾರೆ."