ಗುರುತು ಹೇಳುವವರು

ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರೂ ಮತಗಟ್ಟೆ ಅಧಿಕಾರಿಗೆ ಕಂಡದ್ದು ಒಂದು ಕಿವಿ ಮಾತ್ರ. ಎಂದೋ ಬಟ್ಟೆಯ ಜೊತೆ ಪರ್ಸಿನ ಸಮೇತ ಬಕೆಟ್ಟಿಗೆ ಬಿದ್ದ ಕಾರ್ಡು. ಫೋಟೋದ ಉಳಿದ ಭಾಗ ತೊಳೆದುಹೋಗಿತ್ತು.

“ಬೇರೆ ದಾಖಲೆ ಇಲ್ವೇನಮ್ಮಾ?”

“ಇದ್ದವು ಸಾರ್. ಎಲ್ಲಾ ಅದೇ ಪರ್ಸಲ್ಲೇ ಇದ್ದವು.”

“ಹಾಗಾದ್ರೆ ಇಲ್ಲಿ ಕೂತಿರೋ ಏಜೆಂಟರಲ್ಲಿ ಒಬ್ಬರಾದ್ರೂ ನಿಮ್ಮ ಗುರುತು ಹೇಳ್ಬೇಕು. ಇಲ್ಲಾಂದ್ರೆ ವೋಟು ಇಲ್ಲ.”

ಅವಳು ನಿರಾಳವಾಗಿ ಬೆಂಚಿನ ಕಡೆ ತಿರುಗಿದಳು. ಕೂತಿದ್ದವರು ಇಬ್ಬರು. ಒಬ್ಬ ಗಡಿಯಾರ ರಿಪೇರಿಯವನು, ಅವಳ ಗಂಡ. ಇನ್ನೊಬ್ಬ ಎದುರು ಪಾರ್ಟಿಯ ಸೈಕಲ್ ಶಾಪಿನವನು, ಪಕ್ಕದ ಮನೆಯವನು.

ಗಂಡ ಫ್ಯಾನು ನೋಡತೊಡಗಿದ. ಪಾಪ, ಇನ್ನೇನು ಮಾಡಿಯಾನು? ಬೆಳಿಗ್ಗೆ ಅವನು ಪಾರ್ಟಿ ಬ್ಯಾಡ್ಜು ಚುಚ್ಚಿಕೊಳ್ಳುವಾಗಲೇ ಅವಳು ಮುಖಕ್ಕೆ ಹೊಡೆದಂತೆ ಹೇಳಿದ್ದಳು: “ನಿಮ್ಮ ಮೆಂಬರು ಗೆದ್ದ ಮೇಲೆ ನಮ್ಮ ನಲ್ಲೀಲಿ ಗಾಳಿ ಬಿಟ್ರೆ ಇನ್ನೇನೂ ಬಂದಿಲ್ಲ. ನನ್ನ ವೋಟು ಆ ಕಡೆಗೇ.” ಕಳೆದ ಸಲ ಎರಡೂ ಪಾರ್ಟಿಯವರಿಗೆ ಸರಿಸಮ ಮತ ಬಿದ್ದು ಚೀಟಿ ಎತ್ತಿ ತೀರ್ಮಾನ ಮಾಡಿದ ವಾರ್ಡು ಅದು.

“ಗುರುತು... ಸರಿಯಾಗಿ ಸಿಗ್ತಿಲ್ಲ ಸಾರ್,” ಎಂದ ಗಂಡ.

ಸೈಕಲ್ ಶಾಪಿನವನಿಗೆ ಆಶ್ಚರ್ಯವಾಯಿತು, ಆಮೇಲೆ ಖುಷಿಯಾಯಿತು. ಏಜೆಂಟನ ಹೆಂಡತಿ ಅಂದಮೇಲೆ ವೋಟು ಎಲ್ಲಿಗೆ ಅಂತ ಕೇಳಬೇಕೆ? “ನಾನೂ ಇವರನ್ನ ನೋಡೇ ಇಲ್ಲ ಸಾರ್,” ಎಂದುಬಿಟ್ಟ. ನಿನ್ನೆ ತಾನೇ ಅವಳ ಕೈಯಿಂದ ಏಣಿ ಇಸಿದುಕೊಂಡು ಹೋಗಿದ್ದ.

‘ನಿಮಗೇ ಹಾಕೋದು’ ಅಂತ ಅವನಿಗೆ ಒಂದು ಮಾತು ಹೇಳಿದ್ದರೆ ಕೆಲಸ ಆಗುತ್ತಿತ್ತು. ಆದರೆ ಗುಟ್ಟಾಗಿ ಹಾಕುವ ಮತವನ್ನು ಸಾಲಿನವರ ಮುಂದೆ ಸಾರುವುದುಂಟೆ? ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ರೀ, ಗುರುತು ಸಿಗ್ಲಿಲ್ಲ ತಾನೇ? ಸರಿ. ಗುರುತಿಲ್ಲದವರ ಮನೇಲಿ ನನಗೇನು ಕೆಲಸ? ಹೀಗೇ ಅಣ್ಣನ ಮನೆಗೆ ಹೊರಟೆ.”

ಸಾಲು ಕಿಸಕ್ಕನೆ ನಕ್ಕಿತು. ಅಧಿಕಾರಿ ತಲೆ ಎತ್ತಿದರು. “ಏನ್ರೀ, ಇವರು ನಿಮ್ಮ ಹೆಂಡ್ತೀನಾ?”

ಗಂಡನಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಸಲ ಬ್ಯಾಡ್ಜು ನೋಡಿಕೊಂಡ, ಒಂದು ಸಲ ಅವಳ ಮುಖ ನೋಡಿದ. “ಹೌದು ಸಾರ್... ನಮ್ಮನೆಯವಳೇ.”

“ಜೋರಾಗಿ ಹೇಳಿ. ಬರ್ಕೋಬೇಕು.”

ಜೋರಾಗಿ ಹೇಳಿದ. ಅವಳು ಬೆರಳಿಗೆ ಶಾಯಿ ಹಾಕಿಸಿಕೊಂಡು ರಟ್ಟಿನ ಮರೆಗೆ ಹೋದಳು, ಒತ್ತಿದಳು, ಇಬ್ಬರನ್ನೂ ನೋಡದೆ ಹೊರಗೆ ನಡೆದಳು.

ಸೈಕಲ್ ಶಾಪಿನವನು ಬೆಂಚು ಗುದ್ದಿದ. “ಆಹಾ, ಏನು ನಾಟಕವಯ್ಯಾ ಗಂಡ-ಹೆಂಡ್ತೀದು! ನನ್ನ ಬಾಯಲ್ಲಿ ಸುಳ್ಳು ಹೇಳಿಸಿ ಒಂದು ವೋಟು ಹೊಡ್ಕೊಂಡ್ರಲ್ಲ. ಥೂ, ಈ ಎಲೆಕ್ಷನ್ ಮೇಲೆ ನನಗಿದ್ದ ನಂಬಿಕೇನೇ ಹೋಯ್ತು.”

ಗಂಡ ಹಣೆಯ ಬೆವರು ಒರೆಸಿಕೊಂಡ.

“ನಂದೂ ಹೋಯ್ತು ಕಣಯ್ಯಾ.”