ಬಾಯ್ತುಂಬ ಎಳನೀರು

ತಿಮಿಂಗಿಲ ತೋರಿಸುವ ದೋಣಿಯಲ್ಲಿ ಎಲ್ಲರಿಗೂ ಒಂದೊಂದು ಲೋಟ ಎಳನೀರು ಕೊಡುತ್ತಿದ್ದರು. ಕುಡಿಯಲಿಕ್ಕಲ್ಲ, ಬಾಯಲ್ಲಿ ತುಂಬಿಟ್ಟುಕೊಳ್ಳಲಿಕ್ಕೆ.

"ತಿಮಿಂಗಿಲ ಹೆಸ್ರ್ ಹಿಡ್ದ್ ಕರಿತ್ತ್. ಯಾರೂ ಓ ಅಂಬುಕಾಗ. ನಾ 'ಆಯ್ತ್' ಅಂಬಲ್ಲಿವರೆಗೆ ನುಂಗ್ಬೇಡಿ," ಎಂದ ದೋಣಿ ನಡೆಸುವ ಬಾಬು ಖಾರ್ವಿ.

ಓಗೊಟ್ಟವರನ್ನು ನಡುನೀರಿನಲ್ಲೇ ಇಳಿಸಿ ದೋಣಿ ದ್ವೀಪಕ್ಕೆ ಮರಳುತ್ತದೆ ಎಂದು ಟಿಕೆಟ್ಟಿನ ಹಿಂದೆಯೂ ಅಚ್ಚಾಗಿತ್ತು. ಗಂಡನೊಂದಿಗೆ ಗದಗಿನಿಂದ ಬಂದಿದ್ದ ನೀಲಮ್ಮ ಅದನ್ನು ಎರಡು ಸಲ ಓದಿಕೊಂಡಿದ್ದಳು. ಕರೆದಾಗ ಓ ಅನ್ನದಿದ್ದರೆ ಬೆನ್ನಿಗೆ ಗುದ್ದುತ್ತಿದ್ದ ತಾಯಿಯ ಕೈಯಲ್ಲಿ ಬೆಳೆದವಳು ಅವಳು.

ಮಧ್ಯಾಹ್ನದ ಬಿಸಿಲಿನಲ್ಲಿ, ಎರಡು ದ್ವೀಪಗಳ ನಡುವೆ, ಕಪ್ಪು ಬೆನ್ನೊಂದು ನಿಧಾನವಾಗಿ ಎದ್ದಿತು.

"ನೀಲವ್ವಾ, ರೊಟ್ಟಿ ಆರಾಕತ್ತಾವ, ಬಾರವ್ವಾ."

ತಾಯಿ ತೀರಿ ಹನ್ನೊಂದು ವರ್ಷವಾಗಿತ್ತು. ನೀಲಮ್ಮನ ಕಣ್ಣು ತುಂಬಿದವು, ಆದರೆ ಬಾಯಿ ಬಿಡಲಿಲ್ಲ. ಬೆನ್ನು ಮುಳುಗಿತು. ಅಬ್ಬಾ, ಗೆದ್ದೆ ಎಂದುಕೊಂಡು ಎಳನೀರನ್ನು ಗುಟುಕ್ಕನೆ ನುಂಗಿದಳು.

"ನೀಲಾ, ನನ್ನ ಚಸ್ಮಾ ಎಲ್ಲಿಟ್ಟಿ?" ಬೆನ್ನ ಹಿಂದೆ ಗಂಡನ ದನಿ.

"ಓ! ನಿಮ್ಮ ಕಿಸೇದಾಗ ಐತಿ ನೋಡ್ರಿ," ಎಂದಳು, ಮೂವತ್ತು ವರ್ಷದ ರೂಢಿಯಂತೆ.

ಗಂಡ ಕಳಕಪ್ಪ ಅವಳೆದುರಿನ ಹಲಗೆಯ ಮೇಲೆ ಕೂತಿದ್ದ. ಚಸ್ಮಾ ಅವನ ಮೂಗಿನ ಮೇಲೇ ಇತ್ತು. ಎಳನೀರು ತುಂಬಿದ ಕೆನ್ನೆಗಳು ಉಬ್ಬಿದ್ದವು.

ಬಾಬು ಖಾರ್ವಿ ಇನ್ನೂ 'ಆಯ್ತ್' ಅಂದಿರಲಿಲ್ಲ. ಅವಳ ಕೈಯಿಂದ ಖಾಲಿ ಲೋಟ ಇಸಿದುಕೊಂಡು, ಮನೆಗೆ ಬಂದ ನೆಂಟರನ್ನು ವಿಚಾರಿಸುವವನಂತೆ ಮೆಲ್ಲಗೆ ಕೇಳಿದ:

"ಅಮ್ಮಾ, ನಿಮ್ಗೆ ಈಜುಕೆ ಬತ್ತಾ?"