ಗೊತ್ತಿರುವ ದೋಷ: ಮಾವನವರ ಗೊರಕೆ

ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬಿದ್ದ ಮರುದಿನ ಕಚೇರಿಗೆ ಬಂದ ಮೊದಲ ಫೋನು ಗೊರಕೆಯ ಬಗ್ಗೆ. ಯಾವುದೋ ಔಷಧಿ ಅಂಗಡಿಯವರು, "ನಿಮ್ಮ ಮಾವನವ್ರನ್ನ ಎಡಮಗ್ಗುಲಿಗೆ ಮಲಗ್ಸಿ ನೋಡಿ ಮೇಡಂ," ಎಂದು ಹೇಳಿ ಇಟ್ಟುಬಿಟ್ಟರು. ಫೋನು ಹಿಡಿದಿದ್ದ ಟಿಪ್ಪಣಿ ಮೇಡಂ ಹೊಸ ಆವೃತ್ತಿಯ ಟಿಪ್ಪಣಿಯನ್ನು ತೆರೆದು ನೋಡಿದಳು.

ಟಿಪ್ಪಣಿ ಮೇಡಂ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಔಷಧಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಈ ಸಲ ಏನು ಬದಲಾಗಿದೆ, ಯಾವ ದೋಷ ಇನ್ನೂ ಉಳಿದಿದೆ ಎಂದು ಬರೆಯುವುದು ಆಕೆಯ ಕೆಲಸ. ಅಂಗಡಿಯವರು ಹೊಸ ಆವೃತ್ತಿ ಹಾಕಿಕೊಳ್ಳುವಾಗ ಆ ಟಿಪ್ಪಣಿ ಪರದೆಯ ಮೇಲೆ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅಷ್ಟೆ, ಓದುವವರು ಯಾರು? 'ಮುಂದೆ' ಎಂಬ ಗುಂಡಿ ಒತ್ತಿ, ಆಮೇಲೆ ಪ್ರಿಂಟರ್ ಓಡುತ್ತಿಲ್ಲ ಎಂದು ಫೋನು ಮಾಡುತ್ತಾರೆ. ಉತ್ತರ ಆ ಟಿಪ್ಪಣಿಯಲ್ಲೇ ಇರುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಕ್ಕಿದ್ದ ಮುಖ್ಯಸ್ಥರು, ಮುಂದಿನ ಸಲದಿಂದ ಟಿಪ್ಪಣಿ ತೋರಿಸುವುದನ್ನೇ ನಿಲ್ಲಿಸುತ್ತೇವೆ ಎಂದು ಹೇಳಿಯಾಗಿತ್ತು. ಟಿಪ್ಪಣಿ ಹೋದರೆ ಆಕೆಗೂ ಅಲ್ಲಿ ಕೆಲಸವಿಲ್ಲ.

ಗೊರಕೆ ಅಲ್ಲಿ ಸೇರಿಕೊಂಡದ್ದು ಹೀಗೆ. ಬಿಡುವಿದ್ದಾಗ ಮನೆಗೂ ಒಂದು ಟಿಪ್ಪಣಿ ಬರೆದು ಗಂಡನಿಗೆ ಕಳಿಸುವುದು ಆಕೆಯ ಚಟ. ಹಿಂದಿನ ದಿನ, 'ಗೊತ್ತಿರುವ ದೋಷ: ಮಾವನವರ ಗೊರಕೆ. ಸದ್ಯಕ್ಕೆ ಪರಿಹಾರವಿಲ್ಲ, ಬಾಗಿಲು ಮುಚ್ಚಿಕೊಳ್ಳಿ' ಎಂದು ಬರೆದವಳು ಗಡಿಬಿಡಿಯಲ್ಲಿ ಅದನ್ನು ಕಚೇರಿಯ ಟಿಪ್ಪಣಿಗಳ ಫೋಲ್ಡರಿನಲ್ಲೇ ಇಟ್ಟುಬಿಟ್ಟಿದ್ದಳು. ಪ್ಯಾಕೇಜು ಕಟ್ಟುವ ಪ್ರೋಗ್ರಾಮಿಗೆ ಮಾವನೂ ಒಂದೇ, ಪ್ರಿಂಟರೂ ಒಂದೇ. ಆ ಫೋಲ್ಡರಿನಲ್ಲಿ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಹೊಲಿದು ಊರೂರಿಗೆ ಕಳಿಸಿತ್ತು.

ಮಧ್ಯಾಹ್ನದವರೆಗೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಬ್ಬರು ದಿಂಬು ಎತ್ತರ ಮಾಡಲು ಹೇಳಿದರು. ಇನ್ನೊಬ್ಬರು ಮೂಗಿಗೆ ಅಂಟಿಸುವ ಪಟ್ಟಿ ತಮ್ಮ ಅಂಗಡಿಯಲ್ಲೇ ಇದೆ ಎಂದರು. ಅಂಗಡಿ ನಡೆಸುವ ಅಜ್ಜಿಯೊಬ್ಬರು ಮಾತ್ರ ಬಾಗಿಲು ಮುಚ್ಚುವುದೇ ಸರಿಯೆಂದೂ, ಮದುವೆಯಾದಾಗಿನಿಂದ ತಾನೂ ಅದನ್ನೇ ಮಾಡುತ್ತಿದ್ದೇನೆಂದೂ ಧೈರ್ಯ ಹೇಳಿದರು.

ಮುಖ್ಯಸ್ಥರು ಕರೆದಾಗ, ಇವತ್ತಿಗೆ ಅನ್ನದ ದಾರಿ ಮುಚ್ಚಿತು ಎಂದುಕೊಂಡೇ ಒಳಗೆ ಹೋದಳು. ಕಚೇರಿಯ ಮಾನ ಹರಾಜಾಯಿತೆಂದು ಅವರು ಸಾಕಷ್ಟು ಬೈದರು. ಬೈದು ಸುಸ್ತಾದ ಮೇಲೆ ಏನೋ ಹೊಳೆದವರಂತೆ ಕೇಳಿದರು, "ಪ್ರಿಂಟರ್ ಓಡ್ತಿಲ್ಲ ಅಂತ ಎಷ್ಟು ಜನ ಫೋನ್ ಮಾಡಿದ್ರು?"

"ಯಾರೂ ಮಾಡ್ಲಿಲ್ಲ ಸರ್."

"ಒಬ್ರೂ ಇಲ್ವಾ?"

"ಗೊರಕೆ ಮೊದಲನೇ ಸಾಲಲ್ಲೇ ಇತ್ತು ಸರ್. ಇನ್ನೂ ಏನಿದೆಯೋ ಅಂತ ಕೆಳಗೆಲ್ಲ ಓದಿದ್ದಾರೆ."

ಮುಖ್ಯಸ್ಥರು ಕಿಟಕಿಯ ಕಡೆ ತಿರುಗಿದರು. ಭುಜ ಕುಲುಕುತ್ತಿದ್ದುದರಿಂದ ನಗುತ್ತಿದ್ದಾರೆಂದು ಆಕೆಗೆ ಗೊತ್ತಾಯಿತು. ಟಿಪ್ಪಣಿ ಇದ್ದಲ್ಲೇ ಇರಲಿ, ಆಕೆಯೂ ಇರಲಿ, ಮಾವನವರನ್ನು ಮಾತ್ರ ಈಗಲೇ ತೆಗೆಯಬೇಕು ಎಂದರು.

ಕಚೇರಿಯ ಗಂಡಾಂತರ ಕಳೆಯಿತು, ಮನೆಯದು ಬಾಕಿ ಇತ್ತು. ಯಾರದೋ ಬಾಯಿಂದ ಗೊತ್ತಾಗುವುದಕ್ಕಿಂತ ತಾನೇ ಹೇಳುವುದು ಮೇಲೆಂದು, ಸಂಜೆ ಮಾವನ ಕೈಗೆ ಟೀ ಕೊಟ್ಟು ನಡೆದದ್ದನ್ನೆಲ್ಲ ಹೇಳಿದಳು. ಮಾವ ಲೋಟ ಕೆಳಗಿಟ್ಟರು. 

"ಕೆಲ್ಸ ಉಳೀತೇನಮ್ಮ?"

"ಉಳೀತು ಮಾವ. ಆದ್ರೆ ಮುಂದಿನ ಸಲ ಜನ ಓದ್ತಾರೋ ಇಲ್ವೋ."

ಅವರು ಪೈಜಾಮ ಮೇಲಕ್ಕೆ ಸರಿಸಿ, ಊದಿದ ಮೊಣಕಾಲನ್ನು ಸೊಸೆಯ ಮುಂದೆ ಚಾಚಿದರು. "ಮುಂದಿನ ಸಲಕ್ಕೆ ಇದನ್ನ ಹಾಕು."